ಪ್ರಿಂಟರ್ ಅಗ್ಗ, ಸರಿ. ಆದ್ರೆ ಯಾವ ಲಿಪಿಗೆ?

ಲೇಸರ್ ಪ್ರಿಂಟರ್ ಬಂದ ಹೊಸದರಲ್ಲಿ "ಕೈಗೆಟುಕೋ ಬೆಲೆಗೆ ಯಾವುದು ತಗೊಳ್ಳಲಿ?" ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಕಂಪ್ಯೂಟರ್ ಪತ್ರಿಕೆಗಳಿಗೆ ಒಂದು ದೊಡ್ಡ ಕಸುಬೇ ಆಗಿತ್ತು. ಅಮೆರಿಕದ ಪಿಸಿ ಮ್ಯಾಗಝೀನ್ ವರ್ಷಕ್ಕೊಂದು ದಪ್ಪನೆಯ ಪ್ರಿಂಟರ್ ಸಂಚಿಕೆ ತರ್ತಿತ್ತು. ಇಂಥ ರಿವ್ಯೂಗಳಲ್ಲಿ ಓದುಗರ ಕಣ್ಣು ಮೊದಲು ಹೋಗ್ತಿದ್ದದ್ದು ನಾಲ್ಕು ಕಾಲಂಗಳ ಮೇಲೆ. ಬೆಲೆ ಎಷ್ಟು, ನಿಮಿಷಕ್ಕೆ ಎಷ್ಟು ಪುಟ, ಯಂತ್ರದ ಒಳಗೇ ಎಷ್ಟು ಫಾಂಟ್ ಇದೆ, ಇಂಚಿಗೆ ಎಷ್ಟು ಚುಕ್ಕೆ. ನಾಲ್ಕನ್ನೂ ತೂಗಿ ನೋಡಿದರೆ ಕೊಳ್ಳುವವರ ಗೊಂದಲ ಮುಗೀತು ಅನ್ನೋದು ನಂಬಿಕೆ.

ಆ ರಿವ್ಯೂಗಳಲ್ಲಿ ಸುಳ್ಳಿತ್ತು ಅಂತ ನಾನು ಹೇಳೋಕೆ ಹೊರಟಿಲ್ಲ. ಸ್ಟಾಪ್‌ವಾಚ್ ಹಿಡಿದು ಪುಟ ಎಣಿಸಿ ಬರೆದ ಪ್ರಾಮಾಣಿಕ ಕೆಲಸವೇ ಅದು. ನನ್ನ ತಕರಾರು ಬೇರೆ. ಆ ನಾಲ್ಕು ಕಾಲಂಗಳು ಇಂಗ್ಲಿಷ್ ಪತ್ರ ಟೈಪ್ ಮಾಡೋ ಒಂದು ಆಫೀಸಿನ ಪ್ರಶ್ನೆಗಳು. ಅದೇ ಪಟ್ಟಿಯನ್ನ ತಂದು ಕನ್ನಡ ಅಚ್ಚು ಹಾಕೋ ಮೇಜಿನ ಮೇಲಿಟ್ಟರೆ ಕ್ರಮ ತಲೆಕೆಳಗಾಗುತ್ತೆ. ಅಲ್ಲಿ ಅಗ್ಗ ಅನ್ನಿಸಿದ್ದು ಇಲ್ಲಿ ದುಬಾರಿ, ಅಲ್ಲಿ ರಿವ್ಯೂಕಾರರು ಮೂಗು ಮುರಿದಿದ್ದು ಇಲ್ಲಿ ಉಪಕಾರಿ.

ಮೇಜು ಎಲ್ಲಿಡೋಣ? ಹಾರನಹಳ್ಳಿಯಲ್ಲಿ ಇಡೋಣ. ಅರಸೀಕೆರೆಯಿಂದ ಹಾಸನದ ದಾರಿ ಹಿಡಿದರೆ ಸ್ವಲ್ಪ ದೂರಕ್ಕೇ ಸಿಗೋ ಊರು, ತೆಂಗಿನ ಸೀಮೆ. 1235ರ ಹೊತ್ತಿಗೆ ಕಟ್ಟಿದ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿ ಇದೆ, ಪಕ್ಕದಲ್ಲೇ ಸೋಮೇಶ್ವರ ಗುಡಿ ಇದೆ. ಬೇಲೂರು ಹಳೇಬೀಡಿಗೆ ಹೋಗೋ ಬಸ್ಸುಗಳು ಇಲ್ಲಿ ಅಷ್ಟಾಗಿ ನಿಲ್ಲಲ್ಲ ಅನ್ನೋದು ಬೇರೆ ಮಾತು. ಇಂಥ ಊರಿನಲ್ಲಿ ಒಂದು ಸಣ್ಣ ಅಂಗಡಿ ಊಹಿಸಿಕೊಳ್ಳಿ. ಝೆರಾಕ್ಸ್, ಲ್ಯಾಮಿನೇಷನ್, ಡಿಟಿಪಿ ಅಂತ ಬೋರ್ಡು. ಬರೋ ಕೆಲಸ ಏನು? ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆ ಕಾರ್ಡು, ಹಾಲಿನ ಸೊಸೈಟಿಯ ಸಭೆ ನೋಟಿಸು, ಶಾಲೆಯ ಪ್ರಶ್ನೆಪತ್ರಿಕೆ, ತಹಸೀಲ್ದಾರರಿಗೊಂದು ಅರ್ಜಿ. ನೂರಕ್ಕೆ ತೊಂಬತ್ತು ಪಾಲು ಕನ್ನಡ. ಇಂಥ ಅಂಗಡಿ ಯಾವ ಪ್ರಿಂಟರ್ ತಗೋಬೇಕಿತ್ತು? ಒಂದೊಂದೇ ಕಾಲಂ ತೆಗೆದು ನೋಡೋಣ.

ಮೊದಲು ಬೆಲೆ. ಎಚ್‌ಪಿ ಕಂಪನಿಯ ಮೊದಲ ಲೇಸರ್‌ಜೆಟ್ 1984ರಲ್ಲಿ ಬಂತು, 3,495 ಡಾಲರ್. ಒಳಗಿದ್ದ ಎಂಜಿನ್ ಕ್ಯಾನನ್ ಕಂಪನಿಯದ್ದು. ಮರುವರ್ಷ ಅದೇ ಕ್ಯಾನನ್ ಎಂಜಿನ್ ಇಟ್ಟುಕೊಂಡು ಆಪಲ್‌ನ ಲೇಸರ್‌ರೈಟರ್ ಬಂತು, 6,995 ಡಾಲರ್. 1989ರ ಲೇಸರ್‌ಜೆಟ್ ಐಐಪಿ 1,495 ಡಾಲರಿಗೆ ಇಳಿದಾಗ "ಇನ್ನು ಲೇಸರ್ ಪ್ರಿಂಟರ್ ಪ್ರತಿ ಮೇಜಿಗೂ" ಅನ್ನೋ ಮಾತು ಶುರುವಾಯ್ತು. ಆಗ ಡಾಲರಿಗೆ ಸುಮಾರು 16 ರೂಪಾಯಿ. ಅಂದ್ರೆ ಬರೀ ಲೆಕ್ಕಕ್ಕೆ 24,000 ರೂಪಾಯಿ. ಇದರ ಮೇಲೆ ಹಡಗಿನ ಬಾಡಿಗೆ, ಆಮದು ಸುಂಕ, ಡೀಲರ್ ಲಾಭ. 1991ರ ಆರ್ಥಿಕ ಸುಧಾರಣೆ ಹೊತ್ತಲ್ಲಿ ನಮ್ಮ ದೇಶದ ಗರಿಷ್ಠ ಆಮದು ಸುಂಕ ಶೇ. 150 ಇತ್ತು ಅನ್ನೋದನ್ನ ನೆನಪಿಟ್ಟುಕೊಂಡರೆ ಆ ಕಾಲದ ಗಾಳಿ ಹೇಗಿತ್ತು ಅಂತ ತಿಳಿಯುತ್ತೆ. ಅದೇ ವರ್ಷ ಜುಲೈನಲ್ಲಿ ರೂಪಾಯಿ ಮೌಲ್ಯವನ್ನೂ ಇಳಿಸಿದರು. ಅಮೆರಿಕದಲ್ಲಿ "ವೈಯಕ್ತಿಕ ಬಳಕೆಗೆ" ಅಂತ ಕರೆಸಿಕೊಂಡ ಯಂತ್ರ ಅರಸೀಕೆರೆಗೆ ಬರೋಷ್ಟರಲ್ಲಿ ಬ್ಯಾಂಕ್ ಸಾಲದ ಬಾಬ್ತು ಆಗಿರ್ತಿತ್ತು. ಇದು ಎಲ್ಲರಿಗೂ ಗೊತ್ತಿರೋ ಕಷ್ಟ. ಸ್ವಾರಸ್ಯ ಇರೋದು ಮುಂದಿನ ಕಾಲಂಗಳಲ್ಲಿ.

ಒಳಗಿನ ಫಾಂಟುಗಳು. ಲೇಸರ್‌ರೈಟರ್ ಒಳಗೆ 13 ಫಾಂಟ್ ಇದ್ದವು, ಮುಂದೆ ಬಂದ ಲೇಸರ್‌ರೈಟರ್ ಪ್ಲಸ್‌ನಲ್ಲಿ 35. ಲೇಸರ್‌ಜೆಟ್‌ಗಳಿಗೆ ಫಾಂಟ್ ಕಾರ್ಟ್ರಿಜ್ ಅಂತ ಬೇರೆ ಸಿಗ್ತಿತ್ತು, ವಿಡಿಯೋ ಗೇಮಿನ ಕ್ಯಾಸೆಟ್ ಥರ ಸಿಕ್ಕಿಸೋದು. ರಿವ್ಯೂಗಳಲ್ಲಿ ಫಾಂಟ್ ಜಾಸ್ತಿ ಇದ್ದಷ್ಟೂ ಅಂಕ ಜಾಸ್ತಿ. ಆ 35ರಲ್ಲಿ ಕನ್ನಡ ಎಷ್ಟು? ಸೊನ್ನೆ. ಅಂದ್ರೆ ಹಾರನಹಳ್ಳಿ ಅಂಗಡಿ ಟೈಮ್ಸ್, ಹೆಲ್ವೆಟಿಕಾಗೆ ದುಡ್ಡು ಕೊಟ್ಟು, ಅದನ್ನ ಬಳಸದೆ, ತನ್ನ ಅಕ್ಷರವನ್ನ ತಾನೇ ಹೊತ್ತು ತರಬೇಕಿತ್ತು.

ಹೊತ್ತು ತರೋದು ಹೇಗೆ? ಎರಡು ದಾರಿ. ಒಂದೋ ಕನ್ನಡ ಫಾಂಟನ್ನ ಕಂಪ್ಯೂಟರಿನಿಂದ ಪ್ರಿಂಟರಿನ ಮೆಮೊರಿಗೆ ಇಳಿಸಬೇಕು. ಇಲ್ಲಾಂದ್ರೆ ಇಡೀ ಪುಟವನ್ನ ಒಂದು ಚಿತ್ರ ಅಂತ ಮಾಡಿ ಕಳಿಸಬೇಕು. ಕನ್ನಡ ಫಾಂಟು ಅಂದ್ರೆ ಐವತ್ತು ಚಿಲ್ಲರೆ ಮೂಲಾಕ್ಷರ ಮಾತ್ರ ಅಲ್ಲ. ತಲೆಕಟ್ಟು, ಗುಣಿತದ ತುಂಡು, ಕೊಂಬು, ದೀರ್ಘ, ಪ್ರತಿ ವ್ಯಂಜನಕ್ಕೂ ಒಂದು ಒತ್ತು. ಆಗಿನ ಫಾಂಟಿನಲ್ಲಿ ಹೆಚ್ಚೆಂದರೆ 256 ಖಾನೆ. ಅದರೊಳಗೆ ಇಷ್ಟನ್ನೂ ತುಂಡು ತುಂಡಾಗಿ ತುರುಕಿ, ಪುಟದ ಮೇಲೆ ಜೋಡಿಸೋ ಕೆಲಸ. ಶ್ರೀಲಿಪಿ ಒಂದು ಥರ ತುರುಕ್ತಿತ್ತು, ಆಕೃತಿ ಇನ್ನೊಂದು ಥರ. ಕೆ.ಪಿ. ರಾವ್ ಅವರ ಕೀಲಿಮಣೆ ಸರ್ಕಾರದ ಮಾನ್ಯತೆ ಪಡೆದು, ನುಡಿ ಮತ್ತು ಬರಹ ತಂತ್ರಾಂಶ ಬಂದು ಒಂದಿಷ್ಟು ಶಿಸ್ತು ಮೂಡೋ ಹೊತ್ತಿಗೆ ಹೊಸ ಶತಮಾನ ಬಾಗಿಲಲ್ಲಿತ್ತು. ಅಲ್ಲಿಯವರೆಗೂ ಈ ತುಂಡುಗಳ ಭಾರ ಎಲ್ಲ ಬೀಳ್ತಿದ್ದದ್ದು ಪ್ರಿಂಟರಿನ ಒಂದೇ ಒಂದು ಭಾಗದ ಮೇಲೆ: ಮೆಮೊರಿ. ಆ ನಾಲ್ಕು ಕಾಲಂಗಳಲ್ಲಿ ಮೆಮೊರಿ ಇರಲಿಲ್ಲ ನೋಡಿ.

ಸ್ವಲ್ಪ ಗಣಿತ ಮಾಡೋಣ, ಕಷ್ಟ ಏನಿಲ್ಲ. ಎ4 ಹಾಳೆಯನ್ನ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಬಿಡಿಸಿದರೆ ಅಡ್ಡಕ್ಕೆ 2,480, ಉದ್ದಕ್ಕೆ 3,508 ಚುಕ್ಕೆ. ಗುಣಿಸಿದರೆ 87 ಲಕ್ಷ ಚುಕ್ಕೆ. ಚುಕ್ಕೆಗೊಂದು ಬಿಟ್ ಅಂದ್ರೆ 1 ಎಂಬಿಗಿಂತ ತುಸು ಜಾಸ್ತಿ. ಈಗ 1984ರ ಲೇಸರ್‌ಜೆಟ್ ಒಳಗಿದ್ದ ಮೆಮೊರಿ ನೋಡಿ: 128 ಕೆಬಿ. ಇಡೀ ಪುಟದ ಚಿತ್ರ ಬೇಕಂದ್ರೆ ಇಂಚಿಗೆ 75 ಚುಕ್ಕೆಗೆ ಇಳಿಯಬೇಕು. "300 ಡಿಪಿಐ ಲೇಸರ್ ಪ್ರಿಂಟರ್" ಅಂತ ಕೊಂಡ ಯಂತ್ರ ಇಂಗ್ಲಿಷಿಗೆ 300, ಪುಟಪೂರ್ತಿ ಚಿತ್ರಕ್ಕೆ 75. ಐದು ವರ್ಷ ಬಿಟ್ಟು ಬಂದ ಅಗ್ಗದ ಐಐಪಿಯಲ್ಲೂ 512 ಕೆಬಿ. ಅರ್ಧ ಪುಟಕ್ಕೆ ಸಾಕು, ಉಳಿದರ್ಧಕ್ಕೆ ಮೆಮೊರಿ ಬೋರ್ಡ್ ಪ್ರತ್ಯೇಕ ಕೊಳ್ಳಬೇಕು.

ಕೊಳ್ಳದಿದ್ದರೆ? ಪರದೆ ಮೇಲೆ 20 ಅನ್ನೋ ಎರರ್, ಮೆಮೊರಿ ತುಂಬಿ ಹೋಯ್ತು ಅಂತ. ಮುಂದಕ್ಕೆ ಒತ್ತಿದರೆ ಸಿಕ್ಕಷ್ಟನ್ನ ಒಂದು ಹಾಳೆಗೆ ಹಾಕಿ, ಉಳಿದಿದ್ದನ್ನ ಇನ್ನೊಂದು ಹಾಳೆಗೆ ಉಗುಳ್ತಿತ್ತು. ಸುತ್ತ ಬಾರ್ಡರು, ಮೇಲೊಂದು ಗಣಪತಿ, ಮೂಲೆಗೆ ಬಾಳೆಕಂಬ ಇರೋ ಲಗ್ನಪತ್ರಿಕೆಯನ್ನ ಇಂಥ ಯಂತ್ರಕ್ಕೆ ಕೊಟ್ಟರೆ ವಧು ಒಂದು ಹಾಳೆಯಲ್ಲಿ, ವರ ಇನ್ನೊಂದರಲ್ಲಿ.

ಹಾಗಾದ್ರೆ ಮೊದಲ ದಿನದಿಂದಲೇ ಕನ್ನಡ ಪುಟವನ್ನ ನೆಟ್ಟಗೆ ಹೊರೋ ಶಕ್ತಿ ಯಾವುದಕ್ಕಿತ್ತು? ರಿವ್ಯೂಗಳು ದುಬಾರಿ ಅಂತ ಹೇಳಿದ ಲೇಸರ್‌ರೈಟರ್‌ಗೆ. ಅದರೊಳಗೆ 1.5 ಎಂಬಿ ಮೆಮೊರಿ, 12 ಮೆಗಾಹರ್ಟ್ಸ್ ಪ್ರೊಸೆಸರ್. ಅದಕ್ಕೆ ಜೋಡಿಸ್ತಿದ್ದ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಮೆಮೊರಿಯೇ 128 ಕೆಬಿ, ಪ್ರೊಸೆಸರ್ 8 ಮೆಗಾಹರ್ಟ್ಸ್. ಪ್ರಿಂಟರೇ ಕಂಪ್ಯೂಟರಿಗಿಂತ ಬಲಶಾಲಿ. ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಭಾಷೆಯಲ್ಲಿ ಅಕ್ಷರದ ಆಕಾರವನ್ನ ಹೇಳಿಬಿಟ್ಟರೆ ಅದು ಇಂಗ್ಲಿಷೋ ಕನ್ನಡವೋ ಅಂತ ಕೇಳದೆ ಬಿಡಿಸ್ತಿತ್ತು. ಅಂದ್ರೆ ಲೇಸರ್‌ಜೆಟ್‌ಗೂ ಲೇಸರ್‌ರೈಟರ್‌ಗೂ ಇದ್ದ 3,500 ಡಾಲರ್ ವ್ಯತ್ಯಾಸ ಇಂಗ್ಲಿಷ್ ಆಫೀಸಿಗೆ ಶೋಕಿ, ಕನ್ನಡದವರಿಗೆ ಬಸ್ ಟಿಕೆಟ್. ಅದಿಲ್ಲದೆ ಊರು ಸೇರೋದೇ ಇಲ್ಲ.

ವೇಗದ ಕಾಲಂ ಕೂಡ ಹೀಗೇ. ನಿಮಿಷಕ್ಕೆ ಎಂಟು ಪುಟ ಅಂದರೆ ಕಾಗದ ಎಳೆಯೋ ಎಂಜಿನ್ನಿನ ವೇಗ. ಒಂದೇ ಪುಟವನ್ನ ಮತ್ತೆ ಮತ್ತೆ ತೆಗೆಯೋವಾಗ ಅದು ನಿಜ. ಆದ್ರೆ ಹೊಸ ಹೊಸ ಪುಟವನ್ನ ಚಿತ್ರವಾಗಿ ಕಳಿಸಬೇಕಾದಾಗ ಒಂದೊಂದಕ್ಕೂ 1 ಎಂಬಿ ಪ್ಯಾರಲಲ್ ಕೇಬಲ್‌ನಲ್ಲಿ ಹೋಗಬೇಕು. ಹಳೇ ಕಾಲದ ಆ ಪೋರ್ಟು ಸೆಕೆಂಡಿಗೆ 150 ಕೆಬಿ ದಾಟ್ತಿರಲಿಲ್ಲ. ಎಲ್ಲ ಸುಸೂತ್ರವಾಗಿದ್ದರೂ ಕೇಬಲ್ಲಿಗೇ ಏಳೆಂಟು ಸೆಕೆಂಡ್. ಅದಕ್ಕೆ ಮುಂಚೆ ಕಂಪ್ಯೂಟರ್ ಆ ಚಿತ್ರವನ್ನ ತಯಾರು ಮಾಡಬೇಕು. ಒತ್ತಕ್ಷರ ಜೋಡಿಸಿ ಪುಟ ಕಟ್ಟೋಕೆ ಆ ಕಾಲದ ಪಿಸಿ ಎಷ್ಟು ತಿಣುಕ್ತಿತ್ತು ಅಂತ ನೋಡಿದವರಿಗೇ ಗೊತ್ತು. ನಾಲ್ಕು ಪುಟದ ಯಂತ್ರಕ್ಕೂ ಎಂಟು ಪುಟದ ಯಂತ್ರಕ್ಕೂ ಕನ್ನಡದ ಮೇಜಿನ ಮೇಲೆ ವ್ಯತ್ಯಾಸ ಕಾಣೋದೇ ಕಷ್ಟ. ಹೆಚ್ಚಿನ ವೇಗಕ್ಕೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು.

ಈಗ ನಾಲ್ಕನೇ ಕಾಲಂ, ಚುಕ್ಕೆಗಳದ್ದು. ನನಗೆ ಈ ಇಡೀ ವಿಷಯದಲ್ಲಿ ನಿಜವಾಗಿ ಪ್ರಾಮುಖ್ಯ ಇರೋದು ಇಲ್ಲಿ. 1992ರ ಲೇಸರ್‌ಜೆಟ್ 4 ಇಂಚಿಗೆ 600 ಚುಕ್ಕೆ ತಂದಿತು. ಆಫೀಸ್ ಪತ್ರಕ್ಕೆ 300 ಸಾಕು, 600 ಬೇಕಿರೋದು ವಿನ್ಯಾಸಕಾರರಿಗೆ ಅನ್ನೋ ಸಲಹೆ ಆಗ ಸಹಜವಾಗಿತ್ತು. ಇಂಗ್ಲಿಷ್ ಪತ್ರಕ್ಕೆ ಅದು ಸರಿಯೇ. ಕನ್ನಡಕ್ಕೆ?

"ಸಿದ್ದಪ್ಪ" ಮತ್ತು "ಸಿದ್ಧಪ್ಪ" ಎರಡನ್ನೂ ಹತ್ತಿರ ಹಿಡಿದು ನೋಡಿ. ವ್ಯತ್ಯಾಸ ಇರೋದು ಒತ್ತಿನ ಹೊಟ್ಟೆ ಕೆಳಗಿನ ಒಂದು ಸಣ್ಣ ಸೀಳಿನಲ್ಲಿ. ಹತ್ತು ಪಾಯಿಂಟ್ ಅಕ್ಷರ ಅಂದ್ರೆ ಇಂಚಿನ 72ರಲ್ಲಿ ಹತ್ತು ಪಾಲು. 24 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ 180 ಚುಕ್ಕೆ ಲೆಕ್ಕದಲ್ಲಿ ಅಕ್ಷರ, ಒತ್ತು ಎಲ್ಲ ಸೇರಿ 25 ಚುಕ್ಕೆ ಎತ್ತರ. ಅದರಲ್ಲಿ ಒತ್ತಿಗೆ ಹೆಚ್ಚೆಂದರೆ ಮೂರನೇ ಒಂದು ಪಾಲು, ಎಂಟು ಚುಕ್ಕೆ. ಸೀಳಿಗೆ ಒಂದು ಸಿಕ್ಕರೆ ಪುಣ್ಯ. 300ರ ಲೇಸರ್‌ನಲ್ಲಿ ಒತ್ತಿಗೆ ಹದಿನಾಲ್ಕು, ಸೀಳಿಗೆ ಎರಡು. 600ರಲ್ಲಿ ಒತ್ತಿಗೆ ಇಪ್ಪತ್ತೆಂಟು, ಸೀಳಿಗೆ ನಾಲ್ಕು. ಟೋನರ್ ಅನ್ನೋದು ಬಿಸಿಗೆ ಕರಗಿ ಕಾಗದಕ್ಕೆ ಅಂಟೋ ಪ್ಲಾಸ್ಟಿಕ್ ಪುಡಿ, ಅಂಚಿನಲ್ಲಿ ಸ್ವಲ್ಪ ಹರಡುತ್ತೆ. ಎರಡು ಚುಕ್ಕೆಯ ಸಂದು ಮುಚ್ಚಿಹೋಗೋಕೆ ಅಷ್ಟು ಸಾಕು. ಆಮೇಲೆ ಆ ಹಾಳೆಯ ಝೆರಾಕ್ಸ್, ಝೆರಾಕ್ಸಿನ ಝೆರಾಕ್ಸ್. ಬ, ಭ. ಡ, ಢ. ಎಲ್ಲದರ ಕತೆಯೂ ಇದೇ. ನಮ್ಮ ಮಹಾಪ್ರಾಣ ಬದುಕಿರೋದೇ ಒಂದು ಸೀಳಿನ ಮೇಲೆ.

ಇದು ಅಕ್ಷರಪ್ರೇಮಿಗಳ ಗೋಳು ಮಾತ್ರ ಅಂತ ಅಂದ್ಕೋಬೇಡಿ. ನಿಮ್ಮಲ್ಲಿ ಎಷ್ಟೋ ಜನ ಊರಲ್ಲಿರೋ ಅಪ್ಪನ ಜಮೀನಿನ ಕಾಗದ ಹಿಡ್ಕೊಂಡು ಬ್ಯಾಂಕಿಗೋ ಸಬ್ ರಿಜಿಸ್ಟ್ರಾರ್ ಆಫೀಸಿಗೋ ಅಲೆದಿರ್ತೀರಿ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು, ಟಿಸಿಯಲ್ಲಿ ಮತ್ತೊಂದು. "ಇಬ್ಬರೂ ಒಬ್ಬನೇ ವ್ಯಕ್ತಿ" ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬೇಕು. ಎಲ್ಲ ತಪ್ಪೂ ಪ್ರಿಂಟರಿನದ್ದಲ್ಲ, ಬರೆದವರದ್ದೂ ಟೈಪ್ ಮಾಡಿದವರದ್ದೂ ಇರುತ್ತೆ. ಆದ್ರೆ ಮಸುಕಾದ ಒತ್ತನ್ನ ನೋಡಿ ಮುಂದಿನವರು ತಮಗೆ ತೋಚಿದ ಹಾಗೆ ಟೈಪ್ ಮಾಡಿದಾಗ ಒಂದು ಚುಕ್ಕೆಯ ನಷ್ಟ ಶಾಶ್ವತ ದಾಖಲೆ ಆಗಿಬಿಡುತ್ತೆ. ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದು, 2002ರ ಹೊತ್ತಿಗೆ ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗೋ ಹಾಗಾಯ್ತು. ಶಾನುಭೋಗರ ಕಾಲದ ಮೋಡಿ ಬರಹದಿಂದ ಹಿಡಿದು ಅಲ್ಲೀತನಕ ಬಂದದ್ದು ದೊಡ್ಡ ಹೆಜ್ಜೆಯೇ. ಅಂದಿನಿಂದ ರೈತನ ಹೆಸರು ಅಂದ್ರೆ ಪ್ರಿಂಟರ್ ಬಿಡಿಸಿದಷ್ಟೇ. 600 ಚುಕ್ಕೆ ಶೋಕಿಯೋ ಅಗತ್ಯವೋ ಅನ್ನೋ ಪ್ರಶ್ನೆಯನ್ನ ಅಲ್ಲಿ ಕೇಳಬೇಕಿತ್ತು.

ಹಾರನಹಳ್ಳಿಯ ಗುಡಿ ಕಟ್ಟಿದವರಿಗೆ ಈ ವಿವೇಕ ಇತ್ತು. ಹೊಯ್ಸಳ ಶಿಲ್ಪಿಗಳು ಗಟ್ಟಿ ಕಣಶಿಲೆ ಬಿಟ್ಟು ಬಳಪದ ಕಲ್ಲು ಹಿಡಿದದ್ದು ಅದು ಸಣ್ಣ ಕೆತ್ತನೆಯನ್ನ ತಾಳುತ್ತೆ ಅಂತ. ಮಾಡೋ ಕೆಲಸ ಎಷ್ಟು ಸೂಕ್ಷ್ಮ ಅಂತ ಮೊದಲು ನೋಡಿದರು, ಆಮೇಲೆ ಕಲ್ಲು ಆರಿಸಿದರು. ಪ್ರಿಂಟರ್ ರಿವ್ಯೂಗಳು ಕಲ್ಲಿನ ತೂಕ ಹೇಳಿ ಸುಮ್ಮನಾದವು.

ನಾಲ್ಕು ಕಾಲಂ ಮುಗೀತು. ಆದ್ರೆ ಹಾರನಹಳ್ಳಿ ಅಂಗಡಿಯ ಪ್ರಶ್ನೆಗಳು ಮುಗಿದಿಲ್ಲ. ಪಟ್ಟಿಯಲ್ಲೇ ಇಲ್ಲದ ಎರಡು ಕಾಲಂ ಅವರಿಗೆ ಬೇಕಿತ್ತು: ಕರೆಂಟು ಮತ್ತು ಟೋನರ್.

ಲೇಸರ್ ಪ್ರಿಂಟರಿನಲ್ಲಿ ಪುಡಿಯನ್ನ ಕಾಗದಕ್ಕೆ ಅಂಟಿಸೋ ಫ್ಯೂಸರ್ ಸುಮಾರು 180ರಿಂದ 200 ಡಿಗ್ರಿವರೆಗೆ ಕಾಯುತ್ತೆ. ಕಾಯೋ ಕ್ಷಣದಲ್ಲಿ ನೂರಾರು ವ್ಯಾಟ್ ಎಳೆಯುತ್ತೆ. ಸಣ್ಣ ಯುಪಿಎಸ್‌ಗೆ ಇದನ್ನ ಸಿಕ್ಕಿಸಬೇಡಿ ಅಂತ ಪ್ರಿಂಟರ್ ಕಂಪನಿಯವರೂ ಹೇಳ್ತಾರೆ, ಯುಪಿಎಸ್ ಕಂಪನಿಯವರೂ ಹೇಳ್ತಾರೆ. ಹಾಗಾಗಿ ಕಂಪ್ಯೂಟರ್ ಯುಪಿಎಸ್ ಮೇಲೆ, ಪ್ರಿಂಟರ್ ನೇರ ಲೈನಿನ ಮೇಲೆ. ಬೇಸಿಗೆಯಲ್ಲಿ ತೆಂಗಿನ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದಾಗ ಆ ಲೈನಿನ ವೋಲ್ಟೇಜ್ ಹೇಗಿರುತ್ತೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ನಡುವೆ ಕರೆಂಟು ಹೋದರೆ ಹಾಳೆ ಅರ್ಧ ಒಳಗೆ, ಅರ್ಧ ಹೊರಗೆ. ಎಳೆದು ತೆಗೆದರೆ ಅಂಟದ ಪುಡಿ ಕೈಗೆಲ್ಲ. ಟಿವಿಎಸ್, ವಿಪ್ರೊ, ಎಪ್ಸನ್‌ಗಳ ಡಾಟ್ ಮ್ಯಾಟ್ರಿಕ್ಸ್‌ಗಳು ಗಂಟಲು ಹರಿದುಕೊಂಡು ಕೂಗ್ತಿದ್ದವು ನಿಜ, ಅಕ್ಷರವೂ ಅಂದವಿರಲಿಲ್ಲ. ಆದ್ರೆ ಯುಪಿಎಸ್ ಮೇಲೆ ಓಡ್ತಿದ್ದವು, ರಿಬ್ಬನ್ ಸಾಕಿತ್ತು, ಕಾರ್ಬನ್ ಇಟ್ಟರೆ ಪ್ರತಿಯೂ ಸಿಗ್ತಿತ್ತು. ಅವು ಅಷ್ಟು ವರ್ಷ ಬಾಳಿದ್ದು ಜನರಿಗೆ ಹೊಸದು ಗೊತ್ತಿಲ್ಲ ಅಂತ ಅಲ್ಲ, ಲೆಕ್ಕ ಗೊತ್ತಿತ್ತು ಅಂತ.

ಇನ್ನು ಟೋನರ್. ಕ್ಯಾನನ್ ಎಂಜಿನ್ನಿನ ದೊಡ್ಡ ಉಪಾಯ ಅಂದ್ರೆ ಪುಡಿ, ಡ್ರಮ್ಮು, ಸವೆಯೋ ಭಾಗ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದು. ಡಬ್ಬಿ ಬದಲಾಯಿಸಿದರೆ ಅರ್ಧ ರಿಪೇರಿ ಆದ ಹಾಗೆ, ಮೆಕ್ಯಾನಿಕ್ ಬೇಡ. ಲೇಸರ್ ಪ್ರಿಂಟರ್ ಅಂಗಡಿಯ ಮೇಜಿಗೆ ಬರೋಕೆ ಇದೇ ಕಾರಣ. ಆದ್ರೆ ಅದೇ ಡಬ್ಬಿ ಕಂಪನಿಯ ನಿಜವಾದ ಆದಾಯದ ದಾರಿಯೂ ಆಯ್ತು. ಡಬ್ಬಿಯ ಮೇಲೆ ಬರೆದಿರೋ ಪುಟದ ಲೆಕ್ಕ ಹಾಳೆಯ ಶೇ. 5 ಭಾಗ ಮಾತ್ರ ಕಪ್ಪಾಗೋ ಪುಟಕ್ಕೆ. ಲಗ್ನಪತ್ರಿಕೆಯ ಬಾರ್ಡರು, ಗಣಪತಿ, ದಪ್ಪಕ್ಷರದ "ಶುಭವಿವಾಹ" ಇವೆಲ್ಲ ಶೇ. 5ಕ್ಕೆ ನಿಲ್ಲೋ ಆಸಾಮಿಗಳಲ್ಲ. ಎಷ್ಟು ಪುಟ ಬರುತ್ತೆ ಅಂತ ಅಳೆಯೋಕೆ ಎಲ್ಲ ಕಂಪನಿಗೂ ಒಂದೇ ಐಎಸ್‌ಒ ಅಳತೆಗೋಲು ಬಂದದ್ದೇ 2004ರಲ್ಲಿ. ಅದಕ್ಕೆ ಮುಂಚೆ ಅವರವರ ಗಜ ಅವರವರಿಗೆ.

ಇದಕ್ಕೆ ಉತ್ತರವನ್ನ ಯಾವ ರಿವ್ಯೂಕಾರರೂ ಕೊಡಲಿಲ್ಲ, ಬೀದಿ ಕೊಟ್ಟಿತು. ಕಾದ ಸೋಲ್ಡರಿಂಗ್ ಕಡ್ಡಿಯಲ್ಲಿ ಡಬ್ಬಿಗೊಂದು ತೂತು, ಹಳೇ ಪುಡಿ ಒದರಿ, ಬಾಟಲಿಯಿಂದ ಹೊಸ ಪುಡಿ ಸುರಿದು, ತೂತಿಗೆ ಟೇಪು. ಎರಡು ಮೂರು ಸಲ ತುಂಬಿಸಿದ ಮೇಲೆ ಡ್ರಮ್ಮು ಬದಲು, ಬ್ಲೇಡು ಬದಲು. 2005ರ ಆಸುಪಾಸಿನ ಎಚ್‌ಪಿ 1020ಕ್ಕೆ ಹಾಕೋ 12ಎ ಡಬ್ಬಿ, ಅದರ ಅಣ್ಣತಮ್ಮನಂತಿರೋ ಕ್ಯಾನನ್ ಎಲ್‌ಬಿಪಿ 2900ರ 303 ಡಬ್ಬಿ, ಇವೆರಡರ ಬಗ್ಗೆ ಇವತ್ತಿಗೂ ಯಾವ ತಾಲ್ಲೂಕಿನ ಕಂಪ್ಯೂಟರ್ ಅಂಗಡಿಯಲ್ಲಾದರೂ ಕೇಳಿ, ತುಂಬಿಸಿಕೊಡ್ತಾರೆ. ರೀಫಿಲ್ ಅಂದ್ರೆ ಪುಡಿ ಸೋರುತ್ತೆ, ಹಿನ್ನೆಲೆ ಬೂದುಬೂದಾಗುತ್ತೆ ಅನ್ನೋ ದೂರುಗಳು ನಿಜ. ಮಾಸ್ಕಿಲ್ಲದೆ ದಿನವಿಡೀ ಆ ಪುಡಿ ಒದರೋ ಹುಡುಗರ ಶ್ವಾಸಕೋಶದ ಪ್ರಶ್ನೆ ಇನ್ನೂ ದೊಡ್ಡದು, ಅದನ್ನ ಯಾರೂ ಬೆಲೆಗೆ ಸೇರಿಸಿಲ್ಲ. ಆದ್ರೂ ಹೇಳಬೇಕಾದ್ದು ಹೇಳಲೇಬೇಕು: ಹಾರನಹಳ್ಳಿಯಂಥ ಊರಿಗೆ ಲೇಸರ್ ಪ್ರಿಂಟರ್ ಕೈಗೆಟುಕಿಸಿದ್ದು ಬೆಲೆ ಇಳಿಸಿದ ಕಂಪನಿ ಒಂದೇ ಅಲ್ಲ, ಮುಚ್ಚಿದ ಡಬ್ಬಿಯನ್ನ ಬಿಚ್ಚಲು ಕಲಿತ ಕೈಗಳೂ ಹೌದು.

1020, 2900ರಂಥ ಯಂತ್ರಗಳ ಬಗ್ಗೆ ಇನ್ನೊಂದು ಮಾತಿದೆ, ನನ್ನ ವಾದದ ಮುಖ್ಯ ಕೊಂಡಿ ಅದು. ಇವು ಬುದ್ಧಿ ಇಲ್ಲದ ಪ್ರಿಂಟರುಗಳು. ಒಳಗೆ ಫಾಂಟಿಲ್ಲ, ಪೋಸ್ಟ್‌ಸ್ಕ್ರಿಪ್ಟ್ ಇಲ್ಲ. ಕಂಪ್ಯೂಟರೇ ಪುಟ ಪೂರ್ತಿ ಬಿಡಿಸಿ, ಅದುಮಿ ಚಿಕ್ಕದು ಮಾಡಿ ಕಳಿಸುತ್ತೆ, ಪ್ರಿಂಟರ್ ಸುಮ್ಮನೆ ಒತ್ತುತ್ತೆ. ಇಂಥ ಜಾತಿಯ ಯಂತ್ರಗಳು 90ರ ದಶಕದಲ್ಲಿ ಬಂದಾಗ ಬಲ್ಲವರು ಮೂಗು ಮುರಿದರು. ವಿಂಡೋಸ್ ಇಲ್ಲದಿದ್ದರೆ ಓಡಲ್ಲ, ಕಂಪ್ಯೂಟರಿಗೆ ಭಾರ ಅಂತ. ಎರಡೂ ಸತ್ಯ. ಲಿನಕ್ಸ್ ಬಳಸೋರು 1020 ಓಡಿಸೋಕೆ ಅದರ ಭಾಷೆಯನ್ನ ಬಿಡಿಸಿ ಓದಿದ ಪುಣ್ಯಾತ್ಮರ ಡ್ರೈವರ್‌ಗೆ ಕಾಯಬೇಕಾಯ್ತು. ಆದ್ರೆ ಕನ್ನಡದ ಕಡೆಯಿಂದ ನೋಡಿ. ಒಳಗೆ ಯಾವ ಫಾಂಟೂ ಇಲ್ಲ ಅಂದ್ರೆ ಇಂಗ್ಲಿಷಿಗೆ ಮಣೆಯೂ ಇಲ್ಲ. ಟೈಮ್ಸ್ ಕೂಡ ಚಿತ್ರವಾಗಿ ಹೋಗಬೇಕು, ನುಡಿ ಕೂಡ ಚಿತ್ರವಾಗಿ ಹೋಗಬೇಕು. ಇಪ್ಪತ್ತು ವರ್ಷ ಜಾಣ ಪ್ರಿಂಟರುಗಳು ಮಾಡ್ತಿದ್ದ ಪಂಕ್ತಿಭೇದವನ್ನ ಒಂದು ದಡ್ಡ ಪ್ರಿಂಟರ್ ನಿಲ್ಲಿಸಿತು. ಕನ್ನಡಕ್ಕೆ 600 ಚುಕ್ಕೆ, ನಿಮಿಷಕ್ಕೆ ಹೇಳಿದಷ್ಟೇ ಪುಟ, ಮೆಮೊರಿ ಬೋರ್ಡಿನ ತಂಟೆ ಇಲ್ಲ. ಜೊತೆಗೆ ಭಾರತ 1997ರಲ್ಲಿ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪ್ರಕಾರ 2005ರ ಹೊತ್ತಿಗೆ ಇಂಥ ಸಾಮಾನಿನ ಆಮದು ಸುಂಕವೂ ಸೊನ್ನೆಗೆ ಬಂದಿತ್ತು. ಮೊದಲ ಸಲಕ್ಕೆ ರಿವ್ಯೂಕಾರರ ಅಗ್ಗವೂ ನಮ್ಮ ಅಗ್ಗವೂ ಒಂದೇ ಆಯ್ತು.

ಹಾಗಾದ್ರೆ ತೀರ್ಪು ಏನು? 1990ರಲ್ಲಾದರೆ ಹಾರನಹಳ್ಳಿ ಅಂಗಡಿ ಲೇಸರ್ ಪ್ರಿಂಟರ್ ಕೊಳ್ಳಬಾರದಿತ್ತು. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಕರಡು ತೆಗೆದು, ತಿದ್ದಿ, ಫ್ಲಾಪಿ ಹಿಡಿದು ಹಾಸನಕ್ಕೋ, ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೋ ಹೋಗಿ ಪೋಸ್ಟ್‌ಸ್ಕ್ರಿಪ್ಟ್ ಯಂತ್ರದಲ್ಲಿ ತೆಗೆಸೋದೇ ಜಾಣತನ. 1993ರ ಲೇಸರ್‌ಜೆಟ್ 4ಎಲ್ ಆಸೆ ಹುಟ್ಟಿಸೋ ಯಂತ್ರ. ಪುಟ್ಟದು, ಮೆಮೊರಿಯನ್ನ ಅದುಮಿ ಬಳಸೋ ಉಪಾಯ ಇತ್ತು. ಆದ್ರೆ 300 ಚುಕ್ಕೆ. ಕಾರ್ಡಿನ ದೊಡ್ಡಕ್ಷರಕ್ಕೆ, ಬಟರ್ ಪೇಪರ್ ಮೇಲೆ ತೆಗೆದು ಸ್ಕ್ರೀನ್ ಪ್ರಿಂಟಿಂಗ್‌ಗೆ ಕೊಡೋದಕ್ಕೆ ಸಾಕು, ಅರ್ಜಿ ದಾಖಲೆಗೆ ಸಾಲದು. 1995ರ 5ಎಲ್, 1997ರ 6ಎಲ್ 600 ಚುಕ್ಕೆಯವು. ಅವುಗಳ ನಿಂತ ಟ್ರೇಯಲ್ಲಿ ರಬ್ಬರ್ ಸವೆದ ಮೇಲೆ ಒಟ್ಟೊಟ್ಟಿಗೆ ನಾಲ್ಕೈದು ಹಾಳೆ ಎಳೆಯೋ ಚಾಳಿ ಜಗತ್ತಿಗೇ ಗೊತ್ತು. ಆದರೂ ನನ್ನ ಮತ ಅವಕ್ಕೇ. ಹಾಳೆಯನ್ನ ಒಂದೊಂದಾಗಿ ಕೈಯಲ್ಲಿ ಕೊಡಬಹುದು, ಹೋದ ಸೀಳನ್ನ ಕೈಯಲ್ಲಿ ಹಾಕಿಕೊಡೋಕಾಗಲ್ಲ. 2005ರ ನಂತರ ಪ್ರಶ್ನೆಯೇ ಇಲ್ಲ, 12ಎ ಡಬ್ಬಿಯ ಕುಟುಂಬ.

ಇದನ್ನೆಲ್ಲ ಈಗ ಯಾಕೆ ಕೆದಕಬೇಕು ಅಂದ್ರೆ, ನಾವು ಈಗಲೂ ಅಂಥದೇ ಪಟ್ಟಿ ನೋಡಿ ಸಾಮಾನು ಕೊಳ್ತಿದ್ದೀವಿ. ಫೋನಿನ ಪರದೆ ಎಷ್ಟು ಹರ್ಟ್ಸ್ ಅಂತ ಹೇಳೋ ರಿವ್ಯೂ ಕನ್ನಡದಲ್ಲಿ ಮಾತಾಡಿದರೆ ಅದು ಏನು ಬರ್ಕೊಳ್ಳುತ್ತೆ ಅಂತ ಹೇಳಲ್ಲ. ಇ-ರೀಡರ್ ಬ್ಯಾಟರಿ ಎಷ್ಟು ವಾರ ಬರುತ್ತೆ ಅಂತ ಇರುತ್ತೆ, ಅದರಲ್ಲಿ ಒತ್ತಕ್ಷರ ಸಾಲಿಗೆ ತಾಗಿ ಕತ್ತರಿಸಿಹೋಗುತ್ತಾ ಅಂತ ಇರಲ್ಲ. ರಿವ್ಯೂ ಬರೆಯೋರಿಗೆ ಅದು ಪ್ರಶ್ನೆಯೇ ಅಲ್ಲ. ನಮಗೆ ಹೌದು ಅಂತಾದ್ರೆ ಆ ಕಾಲಂ ನಾವೇ ಸೇರಿಸ್ಕೋಬೇಕು.

ಪ್ರಿಂಟರಿಗೆ ಮಾತ್ರ ಒಂದು ಪರೀಕ್ಷೆ ನಾನು ಸೂಚಿಸಬಲ್ಲೆ, ಖರ್ಚು ಐದು ರೂಪಾಯಿ ದಾಟಲ್ಲ. ಎಂಟು ಪಾಯಿಂಟಿನಲ್ಲಿ "ಸಿದ್ದಪ್ಪ ಬಿನ್ ಸಿದ್ಧಪ್ಪ" ಅಂತ ಟೈಪ್ ಮಾಡಿ ಒಂದು ಪ್ರಿಂಟ್ ತೆಗೀರಿ. ಅದರದ್ದೊಂದು ಝೆರಾಕ್ಸ್, ಆ ಝೆರಾಕ್ಸಿನದ್ದು ಇನ್ನೊಂದು, ಅದರದ್ದು ಮತ್ತೊಂದು. ಕೊನೆಯ ಹಾಳೆಯನ್ನ ವಿಷಯ ಗೊತ್ತಿಲ್ಲದವರ ಕೈಗೆ ಕೊಟ್ಟು ಅಪ್ಪ ಯಾರು ಮಗ ಯಾರು ಅಂತ ಕೇಳಿ. ಸರಿಯಾಗಿ ಹೇಳಿದರೆ ಪ್ರಿಂಟರ್ ತಗೊಳ್ಳಿ.